ಬಾಗಿಲಾಚೆಯ ದನಿ: 'ನಾಳೆ ಬಾ' ಕಥೆಗೆ ಸೌಂಡ್ ಮಾಡಿದ ಅನುಭವ

ದೆವ್ವದ ಕಿರುಚಿತ್ರಕ್ಕೆ ಸೌಂಡ್ ಮಾಡ್ತೀಯಾ ಅಂತ ಗೆಳೆಯ ಕೇಳಿದಾಗ ನಾನು ತಿರುಗಿ ಕೇಳಿದ್ದು ಒಂದೇ ಪ್ರಶ್ನೆ. ದೆವ್ವವನ್ನು ತೋರಿಸ್ತೀಯಾ? "ಇಲ್ಲ ಕಣೋ, ಬರೀ ಕರೆಯುತ್ತೆ" ಅಂದ. ದುಡ್ಡಿನ ಮಾತೂ ಆಡದೆ ಒಪ್ಪಿಕೊಂಡುಬಿಟ್ಟೆ. ಆಡಿದ್ದರೂ ಅವನ ಹತ್ತಿರ ಏನೂ ಇರಲಿಲ್ಲ ಬಿಡಿ.

ಕಥೆ ನಮ್ಮ 'ನಾಳೆ ಬಾ'ದು. 1990ರ ದಶಕದಲ್ಲಿ ಬೆಂಗಳೂರಿನಲ್ಲೋ ಸುತ್ತಮುತ್ತಲ ಹಳ್ಳಿಗಳಲ್ಲೋ ಬೆಳೆದವರಿಗೆ ಇದನ್ನು ಹೇಳಬೇಕಾಗಿಲ್ಲ. ಈಗಿನವರಿಗೆ ಎರಡು ಮಾತು. ರಾತ್ರಿ ಹೊತ್ತು ಒಂದು ಹೆಣ್ಣು ದೆವ್ವ ಬೀದಿಯಲ್ಲಿ ಓಡಾಡುತ್ತೆ, ಮನೆ ಬಾಗಿಲು ತಟ್ಟುತ್ತೆ. ಸುಮ್ನೆ ತಟ್ಟಲ್ಲ, ಒಳಗಿರುವವರನ್ನು ಹೆಸರು ಹಿಡಿದು ಕರೆಯುತ್ತೆ. ಅದೂ ಅವರ ಅಮ್ಮನದೋ ಅಕ್ಕನದೋ ದನಿಯಲ್ಲಿ. ಬಾಗಿಲು ತೆಗೆದರೆ ಮುಗೀತು. ಅವಳು ಗಂಡನನ್ನು ಹುಡುಕಿಕೊಂಡು ಅಲೆಯುವ ಮದುಮಗಳು, ಮನೆಯ ಗಂಡಸನ್ನೇ ಎಳೆದುಕೊಂಡು ಹೋಗ್ತಾಳೆ ಅನ್ನುವವರೂ ಇದ್ದಾರೆ. ಅದಕ್ಕೇ ಜನ ಬಾಗಿಲ ಮೇಲೆ, ಗೋಡೆ ಮೇಲೆ 'ನಾಳೆ ಬಾ' ಅಂತ ಬರೆದರು. ಬಂದವಳು ಓದಿಕೊಂಡು ವಾಪಸ್ ಹೋಗ್ತಾಳೆ. ಮಾರನೇ ರಾತ್ರಿ ಬಂದರೆ ಮತ್ತೆ ಅದೇ ಬರಹ.

2018ರಲ್ಲಿ ಬಂದ ಹಿಂದಿಯ 'ಸ್ತ್ರೀ' ಇದೇ ಎಳೆ ಹಿಡಿದು ಮಾಡಿದ ಸಿನಿಮಾ. ಅಮರ್ ಕೌಶಿಕ್ ನಿರ್ದೇಶನ, ರಾಜ್ ಮತ್ತು ಡಿಕೆ ಬರವಣಿಗೆ. ಕಥೆಯನ್ನು ಮಧ್ಯಪ್ರದೇಶದ ಚಂದೇರಿಗೆ ಎತ್ತಿಕೊಂಡು ಹೋದರು. ಗೋಡೆಗಳ ಮೇಲಿನ ಬರಹ 'ಓ ಸ್ತ್ರೀ ಕಲ್ ಆನಾ' ಆಯಿತು. ಭರ್ಜರಿಯಾಗಿ ಓಡಿತು, 2024ರ ಆಗಸ್ಟ್‌ 15ಕ್ಕೆ ಎರಡನೇ ಭಾಗವೂ ಬಂತು. ಹಾಗಾಗಿ ನಾವು ಯಾರಿಗೆ ಕಥೆ ಹೇಳಿದರೂ "ಓ, ಸ್ತ್ರೀ ಥರಾನಾ?" ಅನ್ನೋರು. ನಮ್ಮದೇ ಊರಿನ ದೆವ್ವದ ಬಗ್ಗೆ ಸಿನಿಮಾ ಮಾಡೋಕೆ ಹೊರಟು ಕಾಪಿ ಅನ್ನಿಸಿಕೊಳ್ಳುವ ಭಾಗ್ಯ! ಆ ಸಿನಿಮಾ ನೋಡಿ ನಾನು ಹೊಟ್ಟೆ ತುಂಬ ನಕ್ಕಿದ್ದೇನೆ. ಆದರೆ ಅಲ್ಲಿ ದೆವ್ವ ಕಣ್ಣಿಗೆ ಕಾಣುತ್ತೆ. ಗಂಡಸರನ್ನು ಹೊತ್ತೊಯ್ದು ಬಟ್ಟೆ ಮಾತ್ರ ಬಿಟ್ಟು ಹೋಗುತ್ತೆ. ನಗಿಸೋಕೆ ಅದು ಸರಿ. ನಮಗೆ ಬೇಕಿದ್ದದ್ದು ಬೇರೆ.

ಬರೆಯುವ ಮೊದಲು ನಿರ್ದೇಶಕ ಗೆಳೆಯ ಸಿಕ್ಕಸಿಕ್ಕವರನ್ನೆಲ್ಲ ಮಾತಾಡಿಸಿದ. ನಾನು ಪಕ್ಕದಲ್ಲಿ ರೆಕಾರ್ಡರ್ ಹಿಡಿದು ಕೂತಿರುತ್ತಿದ್ದೆ. ಒಬ್ಬೊಬ್ಬರದು ಒಂದೊಂದು ಕಥೆ. ಒಬ್ಬರ ಕಥೆಯಲ್ಲಿ ಅವಳಿಗೆ ಕಾಲಿಲ್ಲ. ಇನ್ನೊಬ್ಬರ ಕಥೆಯಲ್ಲಿ ಗೆಜ್ಜೆ ಇದೆ. ಕಾಲಿಲ್ಲದೆ ಗೆಜ್ಜೆ ಎಲ್ಲಿ ಕಟ್ಟಿಕೊಂಡಳೋ ಗೊತ್ತಿಲ್ಲ. "ರಾತ್ರಿ ಹೊತ್ತು ಯಾರೇ ಕರೆದರೂ ಮೂರು ಸಲ ಕರೆಯೋವರೆಗೂ ಓಗೊಡಬೇಡ, ದೆವ್ವ ಒಂದೇ ಸಲ ಕರೆಯೋದು" ಅಂತ ಅಜ್ಜಿ ಹೇಳುತ್ತಿದ್ದುದನ್ನು ಹಲವರು ನೆನೆಸಿಕೊಂಡರು. ಆ ರೆಕಾರ್ಡಿಂಗ್‌ಗಳನ್ನೆಲ್ಲ ಮನೆಗೆ ತಂದು ಕೇಳುತ್ತಾ ಹೋದಂತೆ ಒಂದು ವಿಷಯ ಹೊಳೆಯಿತು. ಅವಳ ಮುಖ ಹೇಗಿತ್ತು ಅಂತ ಯಾರೂ ಹೇಳುತ್ತಿಲ್ಲ. ಯಾರ ದನಿಯಲ್ಲಿ ಕರೆದಳು ಅನ್ನೋದನ್ನು ಮಾತ್ರ ಎಲ್ಲರೂ ಹೇಳುತ್ತಿದ್ದಾರೆ.

ಅಲ್ಲಿಂದ ಕಥೆ ತಾನಾಗಿ ಬಂತು. ಮಂಜ ಅಂತ ಹತ್ತು ವರ್ಷದ ಹುಡುಗ. ಅವನ ಅಮ್ಮ ಪೀಣ್ಯದ ಕಡೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗಿ ಬರುವವಳು. ಮನೆಯಲ್ಲಿ ಕಿವಿ ಮಂದವಾದ ಅಜ್ಜಿ. ಊರ ತುಂಬ 'ನಾಳೆ ಬಾ' ಗಲಾಟೆ. ಒಂದು ರಾತ್ರಿ ಅಮ್ಮ ಬರೋದು ತಡವಾಗುತ್ತೆ. ಕರೆಂಟ್ ಬೇರೆ ಹೋಗುತ್ತೆ. ಬಾಗಿಲಾಚೆ ಅಮ್ಮನ ದನಿ, "ಮಂಜಾ, ಬಾಗ್ಲು ತೆಗಿಯಪ್ಪಾ." ಹುಡುಗ ತೆಗೆಯಲ್ಲ. ಅಷ್ಟೇ ಸಿನಿಮಾ. ಕಥೆ ಪೂರ್ತಿ ಹೇಳಿಬಿಟ್ಟೆ ಅಂತ ಬೈಯಬೇಡಿ, ಆಚೆ ಇದ್ದದ್ದು ಯಾರು ಅಂತ ಸಿನಿಮಾ ಕೂಡ ಹೇಳಲ್ಲ.

ಇದರಿಂದ ನನ್ನ ಕೆಲಸ ಏನು ಅನ್ನೋದು ಸ್ಪಷ್ಟವಾಯಿತು, ಕಷ್ಟವೂ ಆಯಿತು. ಆಚೆಯ ದನಿ ಅಪ್ಪಟ ಅಮ್ಮನ ದನಿಯಾಗಿರಬೇಕು. ಒಂದು ಚೂರು ದೆವ್ವದ ಥರ ಕೇಳಿಸಿದರೂ ಪ್ರೇಕ್ಷಕ ಆರಾಮಾಗಿ ಒರಗಿ ಕೂರ್ತಾನೆ. ದೆವ್ವ ಅಂತ ಗೊತ್ತಾದ ಮೇಲೆ ಬಾಗಿಲು ತೆಗೆಯದಿದ್ದರೆ ಆಯಿತು, ಅಲ್ವಾ? ಅಮ್ಮನೂ ಇರಬಹುದು ಅನ್ನೋ ಸಂಕಟ ಕೊನೆಯವರೆಗೂ ಉಳಿಯಬೇಕಿತ್ತು.

ಮನೆ ಹುಡುಕೋಕೆ ಹೋದಾಗ ಕ್ಯಾಮೆರಾದವಳು ಬೆಳಕು ನೋಡುತ್ತಿದ್ದರೆ ನಾನು ಬಾಗಿಲು ತಟ್ಟಿ ನೋಡುತ್ತಿದ್ದೆ. ಈಗಿನ ಮನೆಗಳ ಎಷ್ಟೋ ಫ್ಲಶ್ ಡೋರ್ (ಪ್ಲೈವುಡ್ ಹೊದಿಸಿದ ಸಪಾಟು ಬಾಗಿಲು) ಒಳಗೆ ಟೊಳ್ಳು, ತಟ್ಟಿದರೆ ಡಬಡಬ ಅನ್ನುತ್ತೆ. 1990ರ ಹಳ್ಳಿ ಮನೆಗೆ ಅದು ಆಗಿಬರಲ್ಲ. ಕೊನೆಗೆ ಮಾಗಡಿ ಕಡೆಯ ಒಂದು ಹಳ್ಳಿಯಲ್ಲಿ ನಾಡಹೆಂಚಿನ ಮನೆ ಸಿಕ್ಕಿತು. ಹಲಸಿನ ಮರದ ಬಾಗಿಲು, ದಪ್ಪ ಹಲಗೆ, ಹೊರಗಡೆ ಕಬ್ಬಿಣದ ಸರಪಳಿ ಚಿಲಕ. ಬೆರಳಿನಿಂದ ತಟ್ಟಿದರೆ ಒಳಗಿದ್ದವರಿಗೆ ಏನೂ ಕೇಳಿಸದು. ಅಂಥ ಮನೆಗಳಲ್ಲಿ ಜನ ಸರಪಳಿ ಹಿಡಿದು ಬಾಗಿಲಿಗೆ ಬಡಿಯುತ್ತಾರೆ. ಟಣ್, ಟಣ್. ಆ ಸದ್ದು ಕೇಳಿದ್ದೇ ತಡ, ಇದೇ ಮನೆ ಅಂತ ಹಟ ಹಿಡಿದೆ. ಒಳಗಿನ ಕೋಣೆ ತೀರಾ ಇಕ್ಕಟ್ಟು, ಲೈಟ್ ಇಡೋಕೆ ಜಾಗವಿಲ್ಲ ಅಂತ ಕ್ಯಾಮೆರಾದವಳು ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಬಾಗಿಲ ಮೇಲಿನ ಬರಹದ ವಿಷಯ ಹೇಳಲೇಬೇಕು. ಆರ್ಟ್ ನೋಡಿಕೊಳ್ಳುವ ಹುಡುಗ ಸುಣ್ಣ ಕಲಸಿಕೊಂಡು, ಬ್ರಶ್ ಹಿಡಿದು ದುಂಡಗೆ 'ನಾಳೆ ಬಾ' ಬರೆದ. ನೋಡೋಕೆ ಚೆಂದ. ಮನೆಯೊಡತಿ ಜಗುಲಿ ಮೇಲೆ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ತಲೆಯೆತ್ತಿ ನೋಡಿ ನಕ್ಕುಬಿಟ್ಟರು.

"ಇದೇನ್ ಕಣಪ್ಪ, ಅಂಗಡಿ ಬೋರ್ಡ್ ಬರ್ದಂಗೈತೆ. ಎದ್ರಿಕೊಂಡೋರು ಇಂಗ್ ಬರೀತಾರಾ?"

"ಮತ್ತೆ ಹೆಂಗಕ್ಕ ಬರೀತಿದ್ರು?"

ಅವರು ಎದ್ದು ಒಲೆಯಿಂದ ಒಂದು ತುಂಡು ಇದ್ದಿಲು ತಂದರು. ಸುಣ್ಣದ ಬರಹ ಒರೆಸಿಸಿದರು. ಬಾಗಿಲ ಮಧ್ಯದಲ್ಲಿ ಬರೆಯುತ್ತಾರೆ ಅಂದುಕೊಂಡಿದ್ದೆ. ಅವರು ಪಕ್ಕದ ಹಲಗೆಯಲ್ಲಿ, ಸೊಂಟಕ್ಕಿಂತ ಸ್ವಲ್ಪ ಮೇಲೆ, ಸೊಟ್ಟಗೆ, ಅವಸರದಲ್ಲಿ ಗೀಚಿದರು. 'ಳೆ' ದೊಡ್ಡದಾಯಿತು, 'ಬಾ' ಹೊಸ್ತಿಲ ಕಡೆಗೆ ಜಾರಿತು. ಅಷ್ಟು ಕೆಳಗೆ ಯಾಕಕ್ಕ ಅಂದರೆ, "ನಮ್ಮನೇಲಿ ಅಕ್ಷರ ಬತ್ತಿದ್ದಿದ್ದು ಹುಡುಗ್ರಿಗೆ ತಾನೆ, ಅವು ಬರೆದಿದ್ದು. ಅವುಕ್ಕೆ ಎಟಕೋದು ಅಷ್ಟೇಯ" ಅಂದರು. ಆರ್ಟ್ ಹುಡುಗ ಬ್ರಶ್ ತೊಳೆದಿಟ್ಟ. ಸಿನಿಮಾದಲ್ಲಿ ಇರೋದು ಅವರ ಅಕ್ಷರವೇ. ಹೆಸರು ಹಾಕ್ತೀವಿ ಅಂದರೆ ಬೇಡವೇ ಬೇಡ ಅಂದುಬಿಟ್ಟರು.

ಚಿತ್ರೀಕರಣ ಪೂರ್ತಿ ರಾತ್ರಿ. ಕರೆಂಟ್ ಹೋಗುವ ಮುಂಚಿನ ದೃಶ್ಯಕ್ಕೆ ಹಳೇ ಕಾಲದ ಚೋಕ್ (ಪಟ್ಟಿಯೊಳಗೆ ಕರೆಂಟನ್ನು ಹದ ಮಾಡುವ ಡಬ್ಬಿ) ಇರುವ ಟ್ಯೂಬ್‌ಲೈಟ್ ಬೇಕಿತ್ತು. ಅದರದೊಂದು ತಕರಾರು. ನಮ್ಮ ಕರೆಂಟು 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಸುತ್ತು. ಒಂದು ಸುತ್ತಿಗೆ ಎರಡು ಸಲ ಬೆಳಕು ಏರಿಳಿಯುತ್ತೆ, ಆದ್ದರಿಂದ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತೆ. ನಮ್ಮ ಕಣ್ಣಿಗೆ ಗೊತ್ತಾಗಲ್ಲ, ಕ್ಯಾಮೆರಾಕ್ಕೆ ಗೊತ್ತಾಗುತ್ತೆ. ಸೆಕೆಂಡಿಗೆ 24 ಫ್ರೇಮ್‌ನಲ್ಲಿ ಮಾಮೂಲಿ 180 ಡಿಗ್ರಿ ಶಟರ್ (ಒಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತನ್ನು ಹೀಗೆ ಡಿಗ್ರಿಯಲ್ಲಿ ಹೇಳ್ತಾರೆ) ಇಟ್ಟರೆ ಗೋಡೆಯ ಬೆಳಕು ಬಡಿದುಕೊಂಡ ಹಾಗೆ ಕಾಣುತ್ತೆ. ಶಟರನ್ನು 172.8 ಡಿಗ್ರಿಗೆ ಇಟ್ಟರೆ ಒಂದು ಫ್ರೇಮಿಗೆ ಸರಿಯಾಗಿ ಸೆಕೆಂಡಿನ 50ನೇ ಒಂದು ಭಾಗ ಬೆಳಕು ಸಿಗುತ್ತೆ, ಮಿನುಗು ಮಾಯ. ಅದು ಕ್ಯಾಮೆರಾದವಳ ಕೆಲಸ. ನನಗೆ ಬೇಕಾದದ್ದು ಚೋಕ್‌ನ ಗುಂಯ್ ಸದ್ದು. ಅದನ್ನು ಬೇರೆಯಾಗಿ, ಮೈಕನ್ನು ಪಟ್ಟಿಗೆ ತಾಗಿಸುವಷ್ಟು ಹತ್ತಿರ ಹಿಡಿದು ರೆಕಾರ್ಡ್ ಮಾಡಿಕೊಂಡೆ. ಸಿನಿಮಾದ ಮೊದಲ ಭಾಗದ ಉದ್ದಕ್ಕೂ ಆ ಗುಂಯ್ ಇದೆ. ಕರೆಂಟ್ ಹೋದ ಕ್ಷಣಕ್ಕೆ ಅದು ನಿಲ್ಲುತ್ತೆ. ಆಗ ಕಿವಿ ಒಮ್ಮೆಲೇ ಖಾಲಿಯಾಗುತ್ತೆ. ಅಲ್ಲಿಯವರೆಗೂ ಒಂದು ಸದ್ದಿತ್ತು ಅನ್ನೋದೇ ಪ್ರೇಕ್ಷಕನಿಗೆ ಆಗ ಗೊತ್ತಾಗೋದು.

ಹಳ್ಳಿ ನಿಶ್ಶಬ್ದವಾಗಿರುತ್ತೆ ಅನ್ನುವವರು ಹಳ್ಳಿಯಲ್ಲಿ ಮೈಕ್ ಇಟ್ಟು ನೋಡಬೇಕು. ಹತ್ತು ಗಂಟೆಯವರೆಗೂ ದೇವಸ್ಥಾನದ ಭಜನೆ. ಆಮೇಲೆ ತೋಟದ ಬೋರ್ ಮೋಟಾರು. ಅದು ನಿಂತರೆ ರಸ್ತೆಯಲ್ಲಿ ಲಾರಿ. ಸಂಭಾಷಣೆ ಇರುವ ಶಾಟ್‌ಗಳನ್ನೆಲ್ಲ ನಡುರಾತ್ರಿ ಕಳೆದ ಮೇಲೆಯೇ ತೆಗೆದೆವು. ಪ್ರತಿ ದೃಶ್ಯ ಮುಗಿದ ಮೇಲೆ ರೂಮ್ ಟೋನ್ ತೆಗೆದುಕೊಳ್ಳಬೇಕು. ಅಂದರೆ ಎಲ್ಲರೂ ಇದ್ದಲ್ಲೇ ಉಸಿರು ಬಿಗಿಹಿಡಿದು ನಿಲ್ಲೋದು, ಆ ಜಾಗದ ಖಾಲಿ ಸದ್ದನ್ನು ಒಂದು ನಿಮಿಷ ಹಿಡಿಯೋದು. ಆಮೇಲೆ ಎಡಿಟ್‌ನಲ್ಲಿ ಮಾತು ಕತ್ತರಿಸಿದ ಕಡೆ ತೇಪೆ ಹಾಕೋಕೆ ಅದೇ ಬೇಕು. ಆ ನಿಮಿಷದಲ್ಲೇ ಯಾರದಾದರೂ ಹೊಟ್ಟೆ ಗುರ್ ಅನ್ನುತ್ತೆ. ಹುಡುಗನ ಪಾತ್ರ ಮಾಡಿದವನು ಕಿಸಕ್ಕನೆ ನಗ್ತಾನೆ. ಮತ್ತೆ ಮೊದಲಿಂದ.

ಅಮ್ಮನ ಪಾತ್ರಕ್ಕೆ ಬಂದವರು ರಂಗಭೂಮಿಯಲ್ಲಿ ಪಳಗಿದ ಕಲಾವಿದೆ. ನಾವೆಲ್ಲ ಅವರನ್ನು ಅಮ್ಮ ಅಂತಲೇ ಕರೆಯುತ್ತಿದ್ದೆವು. ಸ್ಟುಡಿಯೋದಲ್ಲಿ ಡಬ್ ಮಾಡಿ, ಆಮೇಲೆ ಬಾಗಿಲಾಚೆಯಿಂದ ಬಂದ ಹಾಗೆ ಕಂಪ್ಯೂಟರಿನಲ್ಲಿ ಮಂಕು ಮಾಡಬಹುದಿತ್ತು. ನನಗದು ಬೇಡವಾಗಿತ್ತು. ನಿಜವಾದ ಬಾಗಿಲು ಹಾಕಿಸಿ, ಅವರನ್ನು ಹೊರಗೆ ನಿಲ್ಲಿಸಿ, ಒಳಗೆ ಹುಡುಗನ ಕಿವಿಯ ಎತ್ತರಕ್ಕೆ ಒಂದು ಮೈಕ್ ಇಟ್ಟೆ. ಆಚೆ ಅವರ ಹತ್ತಿರ ಇನ್ನೊಂದು, ಅದು ಬರೀ ಮುನ್ನೆಚ್ಚರಿಕೆಗೆ.

ದಪ್ಪ ಮರದ ಬಾಗಿಲು ಸದ್ದನ್ನು ಪೂರ್ತಿ ತಡೆಯಲ್ಲ, ಸೋಸುತ್ತೆ. ಎತ್ತರದ ಸ್ವರಗಳನ್ನು ನುಂಗುತ್ತೆ, ತಗ್ಗಿನವನ್ನು ಬಿಡುತ್ತೆ. ಸ್ಕ್ರಿಪ್ಟಿನಲ್ಲಿ ಹುಡುಗನ ಹೆಸರು ಮೊದಲು ಸತೀಶ ಅಂತಿತ್ತು. ಬಾಗಿಲು ಹಾಕಿ ಕರೆಸಿದರೆ 'ಸ'ವೂ ಇಲ್ಲ 'ಶ'ವೂ ಇಲ್ಲ, ಬರೀ 'ಅತೀ' ಅಂತ ಕೇಳಿಸಿತು. ಆ ಎರಡೂ ಸದ್ದುಗಳ ಜೀವ ಇರೋದೇ ಎತ್ತರದ ಸ್ವರದಲ್ಲಿ. ಹಾಗಾಗಿ ಅಲ್ಲೇ ಹುಡುಗನ ಹೆಸರು ಮಂಜ ಆಯಿತು. 'ಮಂ' ಅನ್ನೋದು ಮೂಗಿನಿಂದ ಬರುವ ತಗ್ಗು ಸದ್ದು, ಬಾಗಿಲ ಮೂಲಕ ಹಾಯಾಗಿ ನುಗ್ಗುತ್ತೆ. ಕೊನೆಯ 'ಜಾ' ಎಷ್ಟು ಬೇಕಾದರೂ ಎಳೆಯಬಹುದು. ನಿರ್ದೇಶಕನಿಗೆ ಸತೀಶ ಅನ್ನೋ ಹೆಸರಿನ ಮೇಲೆ ಅದೇನೋ ಮಮತೆ, ಗೊಣಗುತ್ತಲೇ ಒಪ್ಪಿದ.

ಆ ರಾತ್ರಿ ಅಮ್ಮನಿಗೆ ನಾವು ಎರಡು ಥರ ಹೇಳಿದೆವು. ಮೊದಲು, "ನೀವು ನಿಜವಾದ ಅಮ್ಮ. ಬಸ್ಸು ತಪ್ಪಿ, ನಡೆದು ಸುಸ್ತಾಗಿ ಬಂದಿದ್ದೀರಿ. ಮಗ ಬಾಗಿಲು ತೆಗೀತಿಲ್ಲ." ಅವರು ಕರೆದರು. ಒಂದು ಬಿಡುವಾದ ಮೇಲೆ, "ಈಗ ನೀವು ಅಮ್ಮ ಅಲ್ಲ. ಆದರೆ ಅವನನ್ನು ನಂಬಿಸಬೇಕು." ಮತ್ತೆ ಕರೆದರು. ಸಾಲು ಅದೇ, ಎತ್ತರ ಅದೇ. ಮೊದಲನೆಯದರಲ್ಲಿ ಸಿಟ್ಟಿತ್ತು, ದಣಿವಿತ್ತು. ಎರಡನೆಯದರಲ್ಲಿ ಅಕ್ಕರೆ ಜಾಸ್ತಿ ಇತ್ತು. ಒಳಗೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದ ನನಗೆ ಆ ಅಕ್ಕರೆ ಕೇಳಿ ಕೈ ರೋಮ ಎದ್ದು ನಿಂತಿತು. ಎದುರಿಗಿದ್ದ ಹುಡುಗ ಮಾತ್ರ ಬಿಸ್ಕತ್ತು ತಿನ್ನುತ್ತಿದ್ದ.

ಎಡಿಟ್ ಮುಗಿದು ಕೆಲಸ ನನ್ನ ಕೋಣೆಗೆ ಬಂದಾಗ ನಿರ್ದೇಶಕನಿಗೆ ಭಯ ಶುರುವಾಯಿತು. "ತೀರಾ ಸಾದಾ ಆಯ್ತೇನೋ ಮಗಾ? ಸ್ವಲ್ಪ ಎಫೆಕ್ಟ್ ಹಾಕು." ಸರಿ, ಹಾಕಿ ತೋರಿಸಿದೆ. ದನಿಯ ಸ್ಥಾಯಿ ಇಳಿಸಿದೆ. ರಿವರ್ಸ್ ರಿವರ್ಬ್ ಹಾಕಿದೆ, ಅಂದರೆ ಮಾತಿಗಿಂತ ಮೊದಲೇ ಅದರ ಗುಂಗು ಉಬ್ಬಿಕೊಂಡು ಬರುವ ಹಾಗೆ. ಅಡಿಯಲ್ಲಿ ಪಿಸುಮಾತಿನ ಪದರ ಸೇರಿಸಿದೆ. ಎಲ್ಲವೂ ಭಯಂಕರವಾಗಿಯೇ ಇದ್ದವು, ಎಲ್ಲವೂ 'ನಾನು ದೆವ್ವ' ಅಂತ ಸಾರುತ್ತಿದ್ದವು. ಅವನೇ ಕೇಳಿ ಕೇಳಿ, "ತೆಗೆದುಹಾಕು" ಅಂದ. ಈಗ ಆ ದನಿಯ ಮೇಲೆ ಹಲಸಿನ ಬಾಗಿಲು ಬಿಟ್ಟರೆ ಬೇರೆ ಏನೂ ಇಲ್ಲ.

ಹಾಗಾದರೆ ಭಯ ಎಲ್ಲಿಂದ ತರೋದು? ಅಕ್ಕಪಕ್ಕದ ಸದ್ದುಗಳಿಂದ. ಬಾಗಿಲಾಚೆ ನಿಜವಾದ ಮನುಷ್ಯ ನಿಂತರೆ ಸುಮ್ನೆ ನಿಲ್ಲಲ್ಲ. ಚಪ್ಪಲಿ ಕೊಡವುತ್ತಾನೆ, ಬ್ಯಾಗ್ ಕೆಳಗಿಡುತ್ತಾನೆ, ಕೆಮ್ಮುತ್ತಾನೆ, 'ಥೂ, ಮಲಗಿಬಿಟ್ಟವೇನೋ' ಅಂತ ಗೊಣಗುತ್ತಾನೆ. ಮೊದಲ ಕರೆಯ ಸುತ್ತ ಇದ್ಯಾವುದನ್ನೂ ಇಡಲಿಲ್ಲ. ಸರಪಳಿ ಸದ್ದು, ಕರೆ, ಮತ್ತೆ ಏನೂ ಇಲ್ಲ. ಎರಡನೇ ಕರೆಗೆ ಗಾಜಿನ ಬಳೆ ಸ್ವಲ್ಪ ಅಲುಗಿತು. ಮೂರನೆಯದಕ್ಕೆ ಹವಾಯಿ ಚಪ್ಪಲಿ, ಟಿಫನ್ ಕ್ಯಾರಿಯರ್ ನೆಲಕ್ಕಿಟ್ಟ ಸದ್ದು, ನೈಲಾನ್ ಸೀರೆಯ ಸರಸರ. ಅಂದರೆ ಆಚೆ ಇರುವವಳು ಕರೆಯಿಂದ ಕರೆಗೆ ಹೆಚ್ಚು ಹೆಚ್ಚು ಮನುಷ್ಯಳಾಗುತ್ತಾ ಹೋಗ್ತಾಳೆ. ಅವಳು ಮೊದಲಿಂದಲೂ ಅಮ್ಮನೇ ಇರಬಹುದು. ಇಲ್ಲಾ ಕಲಿಯುತ್ತಿರಬಹುದು.

ಈ ಸದ್ದುಗಳನ್ನೆಲ್ಲ ಮನೆಯಲ್ಲೇ ಮಾಡಿದ್ದು. ಫೋಲಿ ಅಂತಾರೆ ಇದಕ್ಕೆ. ಪರದೆಯಲ್ಲಿ ಕಾಣುವುದಕ್ಕೆ ತಕ್ಕಂತೆ ಕೈಯಾರೆ ಸದ್ದು ಹುಟ್ಟಿಸೋದು. ಆ ಹಳ್ಳಿಯ ಮಣ್ಣನ್ನು ಒಂದು ಚೀಲ ತುಂಬಿಸಿ ತಂದಿದ್ದೆ. ಅದನ್ನು ಪ್ಲಾಸ್ಟಿಕ್ ಟ್ರೇನಲ್ಲಿ ಹರಡಿ, ಅದರ ಮೇಲೆ ಹವಾಯಿ ಚಪ್ಪಲಿ ಹಾಕಿಕೊಂಡು ನಡೆದೆ. ಫ್ಯಾನ್ ಆಫ್, ಕಿಟಕಿಗೆ ರಜಾಯಿ, ಮೈತುಂಬ ಬೆವರು. ನನ್ನ ಹೆಂಡತಿ ಹಳೇ ನೈಲಾನ್ ಸೀರೆ ಹಿಡಿದು ಮೈಕಿನ ಮುಂದೆ ಉಜ್ಜುತ್ತಾ, "ಇದೆಲ್ಲ ಸಿನಿಮಾದಲ್ಲಿ ಯಾರಿಗ್ರೀ ಕೇಳುತ್ತೆ?" ಅಂದಳು.

ಜೀರುಂಡೆಗಳ ವಿಷಯದಲ್ಲಿ ಮಾತ್ರ ನನಗೆ ಬಲು ಹೆಮ್ಮೆ. ಯಾರಾದರೂ ಹತ್ತಿರ ಬಂದರೆ ಜೀರುಂಡೆ ಕೂಗು ನಿಲ್ಲಿಸುತ್ತೆ. ತೋಟದಲ್ಲಿ ರಾತ್ರಿ ನಡೆದವರಿಗೆಲ್ಲ ಇದು ಗೊತ್ತು. ದೆವ್ವದ ಸಿನಿಮಾ ಅಂದರೆ ನಾಯಿ ಊಳಿಡಲೇಬೇಕು ಅನ್ನೋ ಒಂದು ಚಾಳಿ ಇದೆ. ನಾವು ನಾಯಿಯನ್ನು ಕೈಬಿಟ್ಟೆವು. ಅದರ ಬದಲು ಸರಪಳಿ ಸದ್ದಾಗುವ ಸ್ವಲ್ಪ ಮೊದಲು ಬಾಗಿಲ ಕಡೆಯ ಜೀರುಂಡೆಗಳು ಒಂದೊಂದಾಗಿ ಸುಮ್ಮನಾಗುತ್ತವೆ, ಹಿತ್ತಲ ಕಡೆಯವು ಕೂಗುತ್ತಲೇ ಇರುತ್ತವೆ. ಒಮ್ಮೆಗೇ ನಿಲ್ಲಿಸಿದರೆ ಯಾರೋ ಸ್ವಿಚ್ ಒತ್ತಿದ ಹಾಗೆ ಆಗುತ್ತಿತ್ತು. ದೆವ್ವಕ್ಕೆ ಜೀರುಂಡೆ ಸುಮ್ಮನಾಗುತ್ತಾ ಅಂತ ಕೇಳಬೇಡಿ, ನಾನು ಸಂದರ್ಶನ ಮಾಡಿಲ್ಲ.

ನಿರ್ದೇಶಕ ಎಲ್ಲೋ ಓದಿಕೊಂಡು ಬಂದು ಕಿವಿಗೆ ಕೇಳದ ತಗ್ಗು ಸ್ವರ ಹಾಕು, ಜನಕ್ಕೆ ಕಾರಣವಿಲ್ಲದೆ ಭಯವಾಗುತ್ತೆ ಅಂದ. 20 ಹರ್ಟ್ಸ್‌ಗಿಂತ ಕೆಳಗಿನ ಸದ್ದು ಮನುಷ್ಯನ ಕಿವಿಗೆ ಕೇಳಿಸದು ನಿಜ. ಆದರೆ ಅದನ್ನು ಹೊರಡಿಸುವ ಸ್ಪೀಕರ್ ಎಲ್ಲಿದೆ? ಸಣ್ಣ ಸಭಾಂಗಣದಲ್ಲಿ ಇರಲ್ಲ, ಫೋನಿನಲ್ಲಂತೂ ಸಾಧ್ಯವೇ ಇಲ್ಲ. ಕೊನೆಗೆ 40 ಹರ್ಟ್ಸ್ ಆಸುಪಾಸಿನ ಒಂದು ಮೆಲ್ಲನೆಯ ಗುಡುಗನ್ನು ಅಡಿಯಲ್ಲಿ ಇಟ್ಟು, ಮೊದಲ ಟಣ್‌ಗೆ ಅದನ್ನು ಕತ್ತರಿಸಿದೆ. ಅವನಿಗೂ ಸಮಾಧಾನ.

ಮಿಕ್ಸ್, ಅಂದರೆ ಎಲ್ಲ ಸದ್ದುಗಳನ್ನೂ ಹದವಾಗಿ ಬೆರೆಸಿದ ಕೊನೆಯ ಸೌಂಡ್, ಎರಡು ಮಾಡಬೇಕಾಯಿತು, ಪ್ರದರ್ಶನಕ್ಕೊಂದು, ಯೂಟ್ಯೂಬ್‌ಗೊಂದು. ಯೂಟ್ಯೂಬ್ ಜೋರಾದ ಸೌಂಡನ್ನು ಮೈನಸ್ 14 ಎಲ್‌ಯುಎಫ್‌ಎಸ್ (ಸೌಂಡ್ ಒಟ್ಟಾರೆ ಎಷ್ಟು ಜೋರು ಅಂತ ಅಳೆಯುವ ಮಾನ) ಮಟ್ಟಕ್ಕೆ ಇಳಿಸುತ್ತೆ, ಆದರೆ ಮೆತ್ತಗಿರುವುದನ್ನು ಏರಿಸಲ್ಲ. ನಮ್ಮದು ಮೆತ್ತಗಿನ ಸಿನಿಮಾ. ಜನ ಫೋನಿನ ವಾಲ್ಯೂಮ್ ಏರಿಸಿಕೊಂಡು ಕೇಳ್ತಾರೆ, ಆಗ ಟಣ್ ಅಂದರೆ ಎದೆ ಒಡೆದುಹೋಗುತ್ತೆ. ಅಂಥ ಅಗ್ಗದ ಬೆಚ್ಚು ನಮಗೆ ಬೇಡ ಅಂತ ಸರಪಳಿಯ ಸದ್ದನ್ನು ಬೇಕೆಂದೇ ತಗ್ಗಿಸಿದೆ. ಫೋನಿನ ಸ್ಪೀಕರಿನಲ್ಲಿ ಆ ಗುಡುಗು ಹೇಗೂ ಕೇಳಲ್ಲ. ದಯವಿಟ್ಟು ಇಯರ್‌ಫೋನ್ ಹಾಕಿಕೊಳ್ಳಿ.

'ಸತ್ಯ ಘಟನೆ ಆಧಾರಿತ' ಅಂತ ಶುರುವಿನಲ್ಲಿ ಹಾಕೋಣ ಅನ್ನೋ ಸಲಹೆಯೂ ಬಂತು. ಅದರ ಬಗ್ಗೆ ಒಂದು ಸಂಜೆಯೆಲ್ಲ ಜಗಳವಾಡಿದೆವು. ದೆವ್ವ ಬಂದದ್ದು ಸತ್ಯ ಅಂತ ಯಾರು ಹೇಳೋಕಾಗುತ್ತೆ? ಜನ ಬಾಗಿಲ ಮೇಲೆ ಬರೆದದ್ದು ಮಾತ್ರ ಸತ್ಯ. ಅಷ್ಟನ್ನೇ ಒಂದು ಸಾಲಿನಲ್ಲಿ ಹಾಕಿದೆವು.

ಮೊದಲ ಪ್ರದರ್ಶನ ಒಂದು ಚಿಕ್ಕ ಸಭಾಂಗಣದಲ್ಲಿ, ಗೆಳೆಯರು, ಗೆಳೆಯರ ಮನೆಯವರು. ಸಿನಿಮಾ ಮುಗಿದ ಮೇಲೆ ಹಿಂದಿನ ಸಾಲಿನ ಒಬ್ಬ ಹಿರಿಯ ಹೆಂಗಸು ಎದ್ದು ನಿಂತು, "ಅದು ಅವನ ತಾಯೀನೇ. ಪಾಪ, ರಾತ್ರಿ ಎಲ್ಲ ಹೊರಗೆ ನಿಲ್ಲಿಸಿಬಿಟ್ಟಿರಲ್ಲ" ಅಂತ ನಮ್ಮ ಮೇಲೆಯೇ ಸಿಟ್ಟಾದರು. ಮುಂದಿನ ಸಾಲಿನ ಹುಡುಗನೊಬ್ಬ, "ಇಲ್ಲ ಆಂಟಿ, ಮೊದಲನೇ ಸಲ ಕರೆದಾಗ ಚಪ್ಪಲಿ ಸದ್ದೇ ಇರಲಿಲ್ಲ" ಅಂದ. ನನಗೆ ಅವನನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ನೈಲಾನ್ ಸೀರೆ ಉಜ್ಜಿದವಳ ಕಡೆ ತಿರುಗಿ ನೋಡಿದೆ. ಅವಳು ಬೇರೆ ಕಡೆ ನೋಡುತ್ತಿದ್ದಳು. ಅವರಿಬ್ಬರ ವಾದ ಹೊರಗಿನ ಕಾಫಿ ಮೇಜಿನವರೆಗೂ ನಡೆಯಿತು.

ಅಲ್ಲೇ ಕಲಾವಿದೆ ಅಮ್ಮ ನನ್ನನ್ನು ಪಕ್ಕಕ್ಕೆ ಕರೆದು, ಎರಡು ಥರ ಕರೆಸಿದ್ದಿರಲ್ಲ, ಯಾವುದನ್ನು ಹಾಕಿದಿರಿ ಅಂತ ಕೇಳಿದರು. ಅವರಿಗೆ ಹೇಳಿದೆ. ನಿಮಗೂ ಹೇಳ್ತೀನಿ. ಚಪ್ಪಲಿ ಸದ್ದೇ ಇಲ್ಲದ ಮೊದಲ ಕರೆಗೆ ಸುಸ್ತಾಗಿ ಬಂದ ಅಮ್ಮನ ಟೇಕ್ ಹಾಕಿದ್ದೇನೆ. ಟಿಫನ್ ಕ್ಯಾರಿಯರ್ ಇಟ್ಟು ಕರೆಯುವ ಕೊನೆಯದು ಅಮ್ಮ ಅಲ್ಲದವಳ ಟೇಕ್. ನಿರ್ದೇಶಕ ತಿರುಗಾಮುರುಗಾ ಅಂದುಕೊಂಡಿದ್ದಾನೆ. ಇದನ್ನು ಓದಿ ಫೋನ್ ಮಾಡಿದರೆ ಆಗ ನೋಡಿಕೊಳ್ಳೋಣ.